ಆಟೋಕಾಕರ್‌ಗೆ ಲೋ ಪ್ರೆಶರ್ ಕಿಟ್: ಎಲ್ಲಿ ಕಾಸು ಹಾಕಬೇಕು, ಎಲ್ಲಿ ಬೇಡ

ಆಟೋಕಾಕರ್ ಎಂದರೆ ಪೇಂಟ್‌ಬಾಲ್ ಆಟದಲ್ಲಿ ಗಾಳಿಯ ಒತ್ತಡದಿಂದ ಬಣ್ಣದ ಬಾಲ್ ಹಾರಿಸುವ ಒಂದು ಬಗೆಯ ಮಾರ್ಕರ್ (ಬಂದೂಕು). ಸೆಕೆಂಡ್ ಹ್ಯಾಂಡ್ ಆಟೋಕಾಕರ್ ಕೈಗೆ ಬಂದ ಮೇಲೆ ಹೆಚ್ಚಿನವರು ಮೊದಲು ಹುಡುಕುವುದು ಲೋ ಪ್ರೆಶರ್ ಕಿಟ್ಟನ್ನೇ. ಮಾರುವವರ ಪಾಠವೂ ಒಂದೇ: ಒತ್ತಡ ಇಳಿಸಿದರೆ ಬಾಲ್ ಒಡೆಯಲ್ಲ, ಗುರಿ ನೆಟ್ಟಗಾಗುತ್ತೆ, ಸದ್ದು ಕಮ್ಮಿಯಾಗುತ್ತೆ, ಟ್ಯಾಂಕ್ ಜಾಸ್ತಿ ಹೊತ್ತು ಬರುತ್ತೆ. ಗುರಿಯ ಮಾತು ಸುಳ್ಳು. ಟ್ಯಾಂಕಿನ ಮಾತು ಬಹುಮಟ್ಟಿಗೆ ಸುಳ್ಳು. ಸದ್ದು ಒಂಚೂರು ಕಮ್ಮಿಯಾಗುವುದು ನಿಜ. ಬಾಲ್ ಒಡೆಯದಿರುವುದೂ ನಿಜವೇ, ಆದರೆ ಅದಕ್ಕೆ ಕಾರಣವಾಗುವ ಒತ್ತಡ ಬೇರೆ, ಕಿಟ್ ಇಳಿಸುವ ಒತ್ತಡ ಬೇರೆ.

ಇಂಥ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇಷ್ಟು: ಒಂದು ಹೈ-ಫ್ಲೋ ವಾಲ್ವ್, ಗಡಸುತನದಲ್ಲಿ ಬೇರೆ ಬೇರೆಯಾದ ಮೂರು ಮೇನ್ ಸ್ಪ್ರಿಂಗ್, ಒಂದೆರಡು ಮೆತ್ತನೆಯ ವಾಲ್ವ್ ಸ್ಪ್ರಿಂಗ್, ಹಗುರ ಹ್ಯಾಮರ್, ವೆಂಚುರಿ ಬೋಲ್ಟ್, ಮುಂದೆ ಕೂರಿಸಲು ವಾಲ್ಯುಮೈಜರ್. ಇದರಲ್ಲಿ ಸ್ಪ್ರಿಂಗ್‌ಗಳಿಗೆ ಕೊಟ್ಟ ದುಡ್ಡು ದುಡ್ಡು. ವಾಲ್ವ್ ಪರವಾಗಿಲ್ಲ. ಹ್ಯಾಮರ್ ಮತ್ತು ವೆಂಚುರಿ ಬೋಲ್ಟ್ ಕೆಲಸ ಕೆಡಿಸುತ್ತವೆ. ನಿಜವಾಗಿ ಫಲಿತಾಂಶ ನಿರ್ಧರಿಸುವ, ಟ್ಯಾಂಕಿನಿಂದ ವಾಲ್ವಿಗೆ ಬರುವ ಒತ್ತಡವನ್ನು ಹದದಲ್ಲಿಡುವ ಇನ್‌ಲೈನ್ ರೆಗ್ಯುಲೇಟರ್ ಕಿಟ್ಟಿನಲ್ಲಿ ಇರುವುದೇ ಇಲ್ಲ. ಪೂರ್ತಿ ಕಿಟ್ಟಿಗೆ ಹಾಕುವ ಹಣದಲ್ಲಿ ಒಳ್ಳೆಯ ರೆಗ್ಯುಲೇಟರ್ ಒಂದನ್ನೂ ಒಂದು ಸೆಟ್ ಸ್ಪ್ರಿಂಗನ್ನೂ ತಂದರೆ ಮಾರ್ಕರ್ ಮೂರು ಪಟ್ಟು ಸುಧಾರಿಸುತ್ತದೆ.

ಈ ಯಂತ್ರವನ್ನು ಒಮ್ಮೆ ಬಿಚ್ಚಿ ನೋಡದೆ ಉಳಿದ ಮಾತು ಅರ್ಥವಾಗದು. ಕ್ಯಾಲಿಫೋರ್ನಿಯಾದ ಬಡ್ ಓರ್ ಅವರ ವೋರ್ ಗೇಮ್ ಪ್ರಾಡಕ್ಟ್ಸ್‌ನಿಂದ ಬಂದ ಮಾರ್ಕರ್ ಇದು. ಸ್ನೈಪರ್ ಎಂಬ ಪಂಪ್ ಮಾರ್ಕರಿಗೆ, ಕೈ ಮಾಡುತ್ತಿದ್ದ ಕೆಲಸ ಮಾಡಲು ರ‍್ಯಾಮ್ ಎನ್ನುವ ಗಾಳಿಯ ಪಿಸ್ಟನ್ ಕಟ್ಟಿದರೆ ಆಟೋಕಾಕರ್. ಮೇಲೊಂದು ಕೊಳವೆ, ಕೆಳಗೊಂದು. ಮೇಲಿನದರಲ್ಲಿ ಬಾಲನ್ನು ಬ್ಯಾರೆಲ್ಲಿಗೆ ತಳ್ಳಿ ಮುಚ್ಚುವ ಬೋಲ್ಟ್ ಮತ್ತು ಬಾಲ್. ಕೆಳಗಿನದರಲ್ಲಿ ಹಿಂದಿನಿಂದ ಮುಂದಕ್ಕೆ ಐವಿಜಿ ಎನ್ನುವ ವೇಗ ಹೊಂದಿಸುವ ನಟ್ಟು, ಮೇನ್ ಸ್ಪ್ರಿಂಗ್, ಹ್ಯಾಮರ್, ವಾಲ್ವ್, ಅದರ ಬಾಯಿ ಮುಚ್ಚುವ ಕಪ್ ಸೀಲ್, ವಾಲ್ವ್ ಸ್ಪ್ರಿಂಗ್. ಟ್ರಿಗರ್ ಎಳೆದರೆ ಸಿಯರ್ (ಹ್ಯಾಮರನ್ನು ಹಿಡಿದಿಡುವ ಕೊಂಡಿ) ಬಿಟ್ಟು ಹ್ಯಾಮರ್ ಮುಂದೆ ಹಾರಿ ವಾಲ್ವ್ ಕಡ್ಡಿಗೆ ಗುದ್ದುತ್ತದೆ, ಗಾಳಿ ಮೇಲೆ ನುಗ್ಗಿ ಬಾಲನ್ನು ತಳ್ಳುತ್ತದೆ. ಟ್ರಿಗರ್ ಇನ್ನಷ್ಟು ಎಳೆದಾಗ ಮುಂದಿನ ತ್ರೀ-ವೇ (ಗಾಳಿಯ ದಾರಿ ಬದಲಿಸುವ ಕವಾಟ) ಸರಿದು, ರ‍್ಯಾಮ್ ಹಿಂದಿನ ಬ್ಲಾಕನ್ನು ದಬ್ಬಿ ಬೋಲ್ಟ್ ತೆರೆಯುತ್ತದೆ, ಹ್ಯಾಮರನ್ನು ಕಾಕ್ ಮಾಡುತ್ತದೆ. ಟ್ರಿಗರ್ ಬಿಟ್ಟರೆ ಬೋಲ್ಟ್ ಮುಚ್ಚುತ್ತದೆ. ಅಂದರೆ ಈ ಮಾರ್ಕರಿನೊಳಗೆ ಎರಡು ಒತ್ತಡಗಳಿವೆ. ಬಾಲನ್ನು ಹಾರಿಸುವ ವಾಲ್ವ್ ಕೋಣೆಯ ಒತ್ತಡ ಒಂದು, ಹಳೆಯ ಸ್ಟಾಕ್ ಮಾರ್ಕರುಗಳಲ್ಲಿ ಇದು 350ರಿಂದ 450 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ರ‍್ಯಾಮ್ ಓಡಿಸುವ ಎಲ್‌ಪಿಆರ್ (ಲೋ ಪ್ರೆಶರ್ ರೆಗ್ಯುಲೇಟರ್) ಒತ್ತಡ ಇನ್ನೊಂದು, ಇದು 100ರ ಆಸುಪಾಸು ಅಥವಾ ಇನ್ನೂ ಕಡಿಮೆ. ಈ ಎರಡನ್ನೂ ಗೊಂದಲ ಮಾಡಿಕೊಂಡೇ ಹೆಚ್ಚಿನ ಜನ ಹಣ ಕಳೆಯುವುದು.

ಒತ್ತಡ ಇಳಿದರೆ ಬಾಲಿಗೆ ಹಿತ ಎನ್ನುವವರು ಒಂದು ಲೆಕ್ಕ ಹಾಕಿ ನೋಡಬೇಕು. 0.68 ಇಂಚಿನ ಬಾಲ್ ಸುಮಾರು 3 ಗ್ರಾಂ ತೂಗುತ್ತದೆ. 280 ಎಫ್‌ಪಿಎಸ್ (ಸೆಕೆಂಡಿಗೆ ಅಡಿ) ಎಂದರೆ ಸೆಕೆಂಡಿಗೆ ಸುಮಾರು 85 ಮೀಟರ್. ಆ ವೇಗದಲ್ಲಿ ಅದರ ಶಕ್ತಿ 11 ಜೂಲ್‌ನಷ್ಟು. ಬ್ಯಾರೆಲ್ಲಿನ 20 ಸೆಂಟಿಮೀಟರ್ ಓಟದಲ್ಲಿ ಈ ಶಕ್ತಿ ಬರಬೇಕಾದರೆ ಬಾಲಿನ ಬೆನ್ನಿಗೆ ಬೀಳಬೇಕಾದ ಸರಾಸರಿ ಒತ್ತಡ, ಘರ್ಷಣೆ ಬಿಟ್ಟರೆ, ಸುಮಾರು 34 ಪಿಎಸ್‌ಐ. ವಾಲ್ವ್ ಕೋಣೆಯಲ್ಲಿ 450 ಇರಲಿ 200 ಇರಲಿ, ಗಾಳಿ ರಂಧ್ರ ದಾಟಿ, ಬೋಲ್ಟ್ ದಾಟಿ, ಹಿಗ್ಗಿಕೊಂಡು ಬಾಲನ್ನು ಮುಟ್ಟುವ ಹೊತ್ತಿಗೆ ಎರಡಕ್ಕೂ ಹೇಳಿಕೊಳ್ಳುವಂಥ ಅಂತರ ಉಳಿಯುವುದಿಲ್ಲ. ಅಂತಿಮ ವೇಗ ಒಂದೇ ಆದರೆ ಬಾಲ್ ಹೋಗುವ ದೂರವೂ ಒಂದೇ. ಇನ್ನು ಗುರಿಯ ಕಥೆ ಬಾಲಿನ ಗಾತ್ರಕ್ಕೆ ಬ್ಯಾರೆಲ್ಲಿನ ಬೋರ್ ಎಷ್ಟು ಹೊಂದುತ್ತದೆ, ಬಾಲ್ ಎಷ್ಟು ಗುಂಡಗಿದೆ, ಶಾಟ್‌ನಿಂದ ಶಾಟ್‌ಗೆ ವೇಗ ಎಷ್ಟು ಸಮನಾಗಿದೆ ಎಂಬುದರ ಮೇಲೆ. ಗೇಜಿನ ಮುಳ್ಳಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಲೋ ಪ್ರೆಶರ್ ಮಾಡುವುದೇ ದಂಡವೇ? ದಂಡವಲ್ಲ, ಕಾರಣ ಬೇರೆ. ವಾಲ್ವನ್ನು ಮುಚ್ಚಿ ಹಿಡಿದಿರುವುದು ಸ್ಪ್ರಿಂಗ್ ಮಾತ್ರವಲ್ಲ, ಕೋಣೆಯ ಗಾಳಿಯೂ ಹೌದು. ಸೀಟಿನ ವ್ಯಾಸ 10 ಮಿಲಿಮೀಟರ್ ಎಂದಿಟ್ಟುಕೊಳ್ಳಿ: 400 ಪಿಎಸ್‌ಐ ಇದ್ದಾಗ ಕಪ್ ಸೀಲಿನ ಮೇಲೆ ಸುಮಾರು 217 ನ್ಯೂಟನ್, ಅಂದರೆ 22 ಕಿಲೋ ತೂಕ ಕೂತ ಹಾಗೆ. 200ಕ್ಕೆ ಇಳಿಸಿದರೆ ಅದರ ಅರ್ಧ. ಗುದ್ದಬೇಕಾದ ಬಾಗಿಲು ಹಗುರಾದರೆ ಮೇನ್ ಸ್ಪ್ರಿಂಗನ್ನು ಮೆತ್ತಗೆ ಮಾಡಬಹುದು. ಮೇನ್ ಸ್ಪ್ರಿಂಗ್ ಮೆತ್ತಗಾದರೆ ಅದನ್ನು ಹಿಂದಕ್ಕೆಳೆಯುವ ರ‍್ಯಾಮಿಗೆ ಕಡಿಮೆ ಬಲ ಸಾಕು, ಎಲ್‌ಪಿಆರ್ ಇಳಿಸಬಹುದು. ಎಲ್‌ಪಿಆರ್ ಇಳಿದರೆ ಬೋಲ್ಟ್ ಮುಚ್ಚುವಾಗಿನ ಏಟು ಮೆತ್ತಗಾಗುತ್ತದೆ. ಬ್ರೀಚಿಗೆ (ಬಾಲ್ ಬಂದು ಕೂರುವ ಜಾಗಕ್ಕೆ) ಅರ್ಧ ಇಳಿದ ಬಾಲ್ ಕಚಕ್ಕೆಂದು ತುಂಡಾಗದೆ ಉಳಿಯುವುದು ಇಲ್ಲಿ. ಲೋ ಪ್ರೆಶರ್‌ನ ಲಾಭ ಹೀಗೆ ಮೂರು ಮೆಟ್ಟಿಲು ಇಳಿದು ಬರುವಂಥದ್ದು. ಮಧ್ಯದ ಮೆಟ್ಟಿಲು ಬಿಟ್ಟು, ಮೇನ್ ಸ್ಪ್ರಿಂಗನ್ನು ಹಾಗೇ ಗಡುಸಾಗಿಟ್ಟು ಗೇಜಿನಲ್ಲಿ 180 ತೋರಿಸಿದರೆ ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಒತ್ತಡ ಅರ್ಧವಾದರೆ ಅದೇ ಕೆಲಸಕ್ಕೆ ಹೆಚ್ಚುಕಡಿಮೆ ಎರಡರಷ್ಟು ಗಾತ್ರದ ಗಾಳಿ ವಾಲ್ವ್ ದಾಟಬೇಕು. ಅದಕ್ಕೆ ದಾರಿ ಅಗಲ ಮಾಡಬೇಕು, ಇಲ್ಲವೇ ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡಬೇಕು. ಹೆಚ್ಚು ಹೊತ್ತು ತೆರೆದಿಟ್ಟರೆ ಬಾಲ್ ಬ್ಯಾರೆಲ್ಲಿನ ರಂಧ್ರಗಳನ್ನು ದಾಟಿದ ಮೇಲೂ ಗಾಳಿ ಸೋರುತ್ತಲೇ ಇರುತ್ತದೆ. ಟ್ಯಾಂಕ್ ಹೆಚ್ಚು ಬರುತ್ತೆ ಎನ್ನುವುದು ಬಹುಮಟ್ಟಿಗೆ ಸುಳ್ಳು ಎಂದದ್ದು ಅದಕ್ಕೇ. ಕಿಟ್ ಹಾಕುವ ಮೊದಲು ನೂರು ಶಾಟ್, ಹಾಕಿದ ಮೇಲೆ ನೂರು ಶಾಟ್ ಹೊಡೆದು ಟ್ಯಾಂಕಿನ ಗೇಜ್ ಎಷ್ಟೆಷ್ಟು ಇಳಿಯಿತೆಂದು ಬರೆದಿಡಿ. ಎರಡೂ ಸಲ ಬಾಲಿನ ವೇಗ ಅಳೆಯುವ ಕ್ರೋನೋದಲ್ಲಿ (ಕ್ರೋನೋಗ್ರಾಫ್) ವೇಗ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಇನ್ನು ಬಿಡಿಭಾಗಗಳು. ರೆಗ್ಯುಲೇಟರಿನಿಂದಲೇ ಶುರು ಮಾಡಬೇಕು. ಲೋ ಪ್ರೆಶರ್‌ನಲ್ಲಿ ಪ್ರತಿ ಶಾಟಿಗೂ ಹೆಚ್ಚು ಗಾಳಿ ಇದರ ಮೂಲಕ ಹಾಯಬೇಕು, ಅದೂ ಮುಂದಿನ ಶಾಟಿನೊಳಗೆ. ಹಾಯದಿದ್ದರೆ ಶೂಟ್-ಡೌನ್: ಮೊದಲ ಬಾಲ್ 280, ವೇಗವಾಗಿ ಹೊಡೆದ ಐದನೆಯದು 250. ಬಾಲುಗಳು ಗುರಿಯ ಮುಂದೆ ನೆಲಕ್ಕೆ ಬೀಳುತ್ತವೆ, ಜನ ಬ್ಯಾರೆಲ್ಲನ್ನು ಬೈಯುತ್ತಾರೆ. ಪಾಮರ್ಸ್ ಸ್ಟೆಬಿಲೈಜರ್, ಎಕೆಎ ಸೈಡ್‌ವೈಂಡರ್ ಕಾಕರ್ ಬಳಸುವವರ ಬಾಯಲ್ಲಿ ಪದೇ ಪದೇ ಬರುವ ಹೆಸರುಗಳು, ಹೆಸರಿಗೆ ತಕ್ಕ ಕೆಲಸವನ್ನೂ ಮಾಡುತ್ತವೆ. ಹಳೆಯದನ್ನೇ ಇಟ್ಟುಕೊಳ್ಳುವುದಾದರೆ ಸೀಟು ಮತ್ತು ಓ-ರಿಂಗ್ ಬದಲಾಯಿಸದೆ ಮುಂದುವರಿಯಬೇಡಿ. ಸೀಟಿನಲ್ಲಿ ಉಗುರಿಗೆ ಸಿಗುವಷ್ಟು ಗುಳಿ ಬಿದ್ದಿದ್ದರೂ ಸಾಕು, ಮಾರ್ಕರ್ ಸುಮ್ಮನಿದ್ದಾಗ ಒತ್ತಡ ಮೆಲ್ಲಗೆ ಏರುತ್ತದೆ. ಇದೇ ಕ್ರೀಪ್. ಎರಡು ನಿಮಿಷ ಬಿಟ್ಟು ಹೊಡೆದ ಮೊದಲ ಶಾಟ್ ದಿಕ್ಕು ತಪ್ಪಿದ ವೇಗದಲ್ಲಿ ಬರುತ್ತದೆ. ಅದು 300 ದಾಟಿದರೆ ಮೈದಾನದಿಂದ ಹೊರಗೆ ಕಳಿಸುತ್ತಾರೆ, ಕಳಿಸಲೇಬೇಕು ಕೂಡ.

ಟ್ಯಾಂಕಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ. ಎಚ್‌ಪಿಎ (ಅಧಿಕ ಒತ್ತಡದಲ್ಲಿ ತುಂಬಿದ ಗಾಳಿ) ಟ್ಯಾಂಕುಗಳ ಔಟ್‌ಪುಟ್ ಎರಡು ಬಗೆ, 850 ಮತ್ತು 450 ಪಿಎಸ್‌ಐ ಹತ್ತಿರ. ಲೋ ಪ್ರೆಶರ್ ಮಾರ್ಕರಿಗೆ ಲೋ ಔಟ್‌ಪುಟ್ ಟ್ಯಾಂಕೇ ಸರಿ ಅಂದುಕೊಳ್ಳುತ್ತಾರೆ. ಇನ್‌ಲೈನ್ ರೆಗ್ಯುಲೇಟರ್ ಇರುವಾಗ ಅದರ ಬೆನ್ನಿಗೆ ಒತ್ತಡ ಹೆಚ್ಚಿದ್ದಷ್ಟೂ ಕೋಣೆ ಬೇಗ ತುಂಬುತ್ತದೆ, ಹಾಗಾಗಿ 850ರದ್ದೇ ವಾಸಿ. ಸಿಒ2 ಬಳಸುವವರಿಗೆ ಬೇರೆ ಪಾಡು. ಅದರ ಒತ್ತಡ ಹವೆಯ ಮೇಲೆ ಕುಣಿಯುತ್ತದೆ: 21 ಡಿಗ್ರಿಗೆ 850 ಪಿಎಸ್‌ಐ ಹತ್ತಿರ, ಸೊನ್ನೆಗೆ 500ರ ಸುತ್ತ. 31 ಡಿಗ್ರಿ ದಾಟಿದರೆ ಸಿಲಿಂಡರಿನೊಳಗೆ ದ್ರವವೇ ಇರುವುದಿಲ್ಲ, ತುಂಬಿದ ಪ್ರಮಾಣದ ಮೇಲೆ ಒತ್ತಡ ಮೇಲೇರುತ್ತಾ ಹೋಗುತ್ತದೆ. ಕಲಬುರಗಿಯ ಮೇ ಮಧ್ಯಾಹ್ನಕ್ಕೆ ಅದನ್ನು ಕಾರಿನೊಳಗೆ ಬಿಡುವ ಸಾಹಸ ಯಾರೂ ಮಾಡಬಾರದು. ದ್ರವ ಸಿಒ2 ರೆಗ್ಯುಲೇಟರಿನೊಳಗೆ ನುಗ್ಗಿದರೆ ಓ-ರಿಂಗ್‌ಗಳು ಹೆಪ್ಪುಗಟ್ಟಿ ಸೋರುತ್ತವೆ. ಲೋ ಪ್ರೆಶರ್‌ನ ಸೂಕ್ಷ್ಮ ಹೊಂದಾಣಿಕೆ ಇದರ ಮೇಲೆ ನಿಲ್ಲದು. ಎಚ್‌ಪಿಎ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಮೇನ್ ಸ್ಪ್ರಿಂಗ್: ಕಿಟ್ಟಿನ ಮೂರರಲ್ಲಿ ಮಧ್ಯದ್ದರಿಂದ ಶುರು ಮಾಡಿ. ಇರುವ ಸ್ಪ್ರಿಂಗನ್ನೇ ಎರಡು ಸುತ್ತು ಕತ್ತರಿಸಿದರೆ ಮೆತ್ತಗಾಗುತ್ತೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಆಗುವುದು ತಿರುಗಾಮುರುಗಾ. ಕತ್ತರಿಸಿದ ಸ್ಪ್ರಿಂಗಿನ ಆರಂಭದ ಒತ್ತು ಕಮ್ಮಿಯಾಗುತ್ತದೆ ನಿಜ, ಆದರೆ ಸುತ್ತು ಕಡಿಮೆಯಾದಷ್ಟೂ ಪ್ರತಿ ಮಿಲಿಮೀಟರಿನ ಬಿಗಿ ಹೆಚ್ಚುತ್ತದೆ. 20 ಸುತ್ತಿನಲ್ಲಿ ಎರಡು ಕತ್ತರಿಸಿದರೆ ಬಿಗಿ ಶೇಕಡಾ 11ರಷ್ಟು ಏರುತ್ತದೆ. ಐವಿಜಿಯ ಕಾಲು ಸುತ್ತಿಗೂ ವೇಗ ಜಿಗಿಯತೊಡಗುತ್ತದೆ. ಸಾಲದ್ದಕ್ಕೆ ಕತ್ತರಿಸಿದ ತುದಿ ಚಪ್ಪಟೆಯಾಗಿರುವುದಿಲ್ಲ. ಆ ಮೊನೆ ಕೊಳವೆಯ ಒಳಮೈಯನ್ನು ಗೀರುತ್ತಾ ಹೋಗುತ್ತದೆ. ಟಾರ್ಚ್ ಹಾಕಿ ನೋಡಿದರೆ ಸುರುಳಿ ಸುರುಳಿಯಾಗಿ ಬೆಳ್ಳಗಿನ ಗೀರು, ಕೆಳಗೆ ಅಲ್ಯೂಮಿನಿಯಂ ಪುಡಿ ಬೆರೆತ ಬೂದು ಗ್ರೀಸ್. ತುದಿಯನ್ನು ಕಾಯಿಸಿ ಬಗ್ಗಿಸಿದರೆ ಉಕ್ಕಿನ ಹದ ಹೋಗುತ್ತದೆ. ಸ್ಪ್ರಿಂಗ್ ಸೆಟ್ ಅಗ್ಗದ ಸಾಮಾನು, ಕತ್ತರಿ ಪಕ್ಕಕ್ಕಿಡಿ.

ವಾಲ್ವ್ ಸ್ಪ್ರಿಂಗ್‌ನಲ್ಲಿ ಮಾತ್ರ ಅತಿಯಾಸೆ ಬೇಡ. ಮೆತ್ತನೆಯದು ಹಾಕಿದಷ್ಟೂ ವಾಲ್ವ್ ಹೆಚ್ಚು ಹೊತ್ತು ತೆರೆದಿರುತ್ತದೆ, ವೇಗ ಬರುತ್ತದೆ. ತೀರಾ ಮೆತ್ತನೆಯದಾದರೆ ಟ್ಯಾಂಕ್ ತಿರುಗಿಸುವಾಗ ಕಪ್ ಸೀಲ್ ಕೂರುವ ಮೊದಲೇ ಗಾಳಿ ಬ್ಯಾರೆಲ್ಲಿನಿಂದ ಹೊರಗೆ. ಹ್ಯಾಮರ್ ವಾಲ್ವ್ ಕಡ್ಡಿಗೆ ಒರಗಿರುವಾಗ ಟ್ಯಾಂಕ್ ಹಾಕಿದರೂ ಇದೇ ಆಗುತ್ತದೆ, ಆದ್ದರಿಂದ ಮೊದಲು ಕಾಕ್ ಮಾಡಿ ಆಮೇಲೆ ಟ್ಯಾಂಕ್. ಕಾಕ್ ಮಾಡಿದ ಮೇಲೂ ಉಸ್ಸೆಂದರೆ ಒಂದು ಹಂತ ಗಟ್ಟಿಯ ಸ್ಪ್ರಿಂಗ್ ಹಾಕಿ.

ಕಪ್ ಸೀಲ್ ಚಿಕ್ಕ ವಸ್ತು, ಜಗಳ ದೊಡ್ಡದು. ಗಟ್ಟಿ ಪ್ಲಾಸ್ಟಿಕ್ಕಿನ ಸೀಲು 400ರಲ್ಲಿ ಗಾಳಿಯ ಒತ್ತಿಗೇ ಅಮುಕಿಕೊಂಡು ಕೂರುತ್ತದೆ. 200ಕ್ಕೆ ಬಂದಾಗ ಆ ಒತ್ತು ಇರುವುದಿಲ್ಲ, ಹಿಂದೆ ಸೋರದಿದ್ದುದು ಈಗ ಸೋರತೊಡಗುತ್ತದೆ. ಜನ ಹೊಸ ವಾಲ್ವಿನದ್ದೇ ದೋಷ ಎಂದುಕೊಳ್ಳುತ್ತಾರೆ. ಸೀಲನ್ನು ಹೊರತೆಗೆದು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸೀಟು ತಾಗಿದ ಕಡೆ ತೆಳ್ಳಗೆ ಹೊಳೆಯುವ ಒಂದು ಉಂಗುರ ಕಾಣುತ್ತದೆ. ಅದು ಸುತ್ತಲೂ ಒಂದೇ ಅಗಲ ಇದ್ದರೆ ಸರಿ. ಒಂದು ಕಡೆ ಅಗಲ, ಇನ್ನೊಂದು ಕಡೆ ಮಾಯ ಎಂದರೆ ಕಡ್ಡಿ ಬಗ್ಗಿದೆ. ಉಂಗುರವನ್ನು ಅಡ್ಡಕ್ಕೆ ಕಡಿಯುವ ಕೂದಲೆಳೆಯ ಗೀರು ಒಂದಿದ್ದರೂ ಸೋರಿಕೆ ಅಲ್ಲೇ. ಮರಳು ಕಾಗದ ಹಿಡಿದು ಉಜ್ಜಲು ಹೋಗಬೇಡಿ, ಹೊಸದು ಹಾಕಿ. ಲೋ ಪ್ರೆಶರ್‌ಗೆ ಮೆದು ಸೀಲೇ ಲೇಸು, ಬೇಗ ಸವೆಯುತ್ತದೆ ಎನ್ನುವುದೊಂದು ಕೊರತೆ.

ವಾಲ್ವ್ ಬಾಡಿ ಬದಲಿಸಿದರೆ ನಿಜವಾಗಿ ಸಿಗುವುದು ದಾರಿಯ ಅಗಲ. ಕಡ್ಡಿ ತೆಳ್ಳಗೆ, ರಂಧ್ರ ದೊಡ್ಡದು. ಆದರೆ ಕೂರಿಸುವಾಗ ಒಂದು ತಪ್ಪು ಎಲ್ಲ ಲಾಭವನ್ನೂ ತಿಂದುಹಾಕುತ್ತದೆ. ವಾಲ್ವಿನ ಮೇಲಿನ ರಂಧ್ರ ಮಾರ್ಕರ್ ಬಾಡಿಯ ರಂಧ್ರಕ್ಕೆ ಸರಿಯಾಗಿ ಎದುರಾಗಬೇಕು. ಹಿಡಿನಟ್ಟು ಬಿಗಿ ಮಾಡುವಾಗ ವಾಲ್ವ್ ತಾನೂ ಒಂಚೂರು ತಿರುಗಿಬಿಡುತ್ತದೆ, ರಂಧ್ರ ಪೂರ್ಣಚಂದ್ರನಿಂದ ಚೌತಿಯ ಚಂದ್ರನಾಗುತ್ತದೆ. ಬೋಲ್ಟ್ ತೆಗೆದು ಮೇಲಿನ ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ನೋಡಿ. ಎಷ್ಟು ಸ್ಪ್ರಿಂಗ್ ಬದಲಿಸಿದರೂ 240 ದಾಟುತ್ತಿಲ್ಲ ಎನ್ನುವ ಮಾರ್ಕರುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ರಂಧ್ರದ ಅಂಚಿನ ಮುಳ್ಳನ್ನು 600, ಆಮೇಲೆ 1000 ಗ್ರಿಟ್ ಕಾಗದದಿಂದ ನಯ ಮಾಡಬಹುದು. ಸೀಟಿನ ಅಂಚನ್ನು ಮುಟ್ಟಬೇಡಿ. ಮಾರ್ಕರಿನ ಬಾಡಿಗಾಗಲಿ ರೆಗ್ಯುಲೇಟರಿಗಾಗಲಿ ಡ್ರಿಲ್ ಹಿಡಿಯಲೇಬೇಡಿ, ಒತ್ತಡ ತಡೆಯುವ ಗೋಡೆ ಅದು.

ಹಗುರ ಹ್ಯಾಮರ್ ವಿಷಯದಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಲೋ ಪ್ರೆಶರ್‌ಗೆ ಬೇಕಾದದ್ದು ವಾಲ್ವ್ ಹೆಚ್ಚು ಹೊತ್ತು ತೆರೆದಿರುವುದು. ಅದೇ ಸ್ಪ್ರಿಂಗಿನಿಂದ ಅದೇ ಶಕ್ತಿ ಪಡೆದ ಹ್ಯಾಮರ್ ಹಗುರಾದಷ್ಟೂ ಬಾಗಿಲು ಹಿಡಿದಿಡುವ ಹೊತ್ತು ಕಡಿಮೆ. ತೂಕ ಶೇಕಡಾ 30 ಇಳಿಸಿದರೆ ಆ ಹೊತ್ತು ಸುಮಾರು 16ರಷ್ಟು ಕುಗ್ಗುತ್ತದೆ. ಅದನ್ನು ಸರಿಗಟ್ಟಲು ಸ್ಪ್ರಿಂಗ್ ಗಡುಸು ಮಾಡಬೇಕು, ಆಗ ಎಲ್‌ಪಿಆರ್ ಏರಿಸಬೇಕು, ಅಲ್ಲಿಗೆ ಹೊರಟಲ್ಲಿಗೇ ಬಂದ ಹಾಗಾಯಿತು. ಒಂದೇ ಡಬ್ಬಿಯಲ್ಲಿ ಲೋ ಪ್ರೆಶರ್ ವಾಲ್ವನ್ನೂ ಹಗುರ ಹ್ಯಾಮರನ್ನೂ ಇಟ್ಟು ಮಾರುವವರು ಇದನ್ನು ಹೇಳುವುದಿಲ್ಲ. ಸ್ಟಾಕ್ ಹ್ಯಾಮರನ್ನೇ ಉಳಿಸಿ, ಅದರ ಹೊರಮೈಯನ್ನು 1500 ಗ್ರಿಟ್‌ನಲ್ಲಿ ಉಜ್ಜಿ ಹೊಳಪು ಬರಿಸಿ ಸಾಕು. ಸಿಯರ್ ಹಿಡಿಯುವ ಲಗ್‌ನ ಮೂಲೆಯನ್ನು ಮಾತ್ರ ಉಜ್ಜಬೇಡಿ. ಅಲ್ಲಿ ದುಂಡಗಾದರೆ ಹ್ಯಾಮರ್ ಜಾರಿ ಟ್ರಿಗರ್ ಮುಟ್ಟದೆಯೇ ಗುಂಡು ಹಾರುತ್ತದೆ.

ವೆಂಚುರಿ ಬೋಲ್ಟಿನ ಮುಖದಲ್ಲಿ ಒಂದು ದೊಡ್ಡ ರಂಧ್ರದ ಬದಲು ಹಲವು ಸಣ್ಣ ರಂಧ್ರಗಳು. ಗಾಳಿ ಬಾಲಿನ ಬೆನ್ನಿಗೆ ಹರಡಿ ಬೀಳುತ್ತೆ ಎನ್ನುವುದು ವಾದ. ದಾರಿ ಇಕ್ಕಟ್ಟಾಗುವುದು ವಾಸ್ತವ. ತೆರೆದ ಮುಖದ ಬೋಲ್ಟ್ ಹಾಕಿ. ಡೆಲ್ರಿನ್‌ನದಾದರೆ (ನುಣುಪಾದ ಗಟ್ಟಿ ಪ್ಲಾಸ್ಟಿಕ್) ತೂಕವೂ ಕಮ್ಮಿ, ಎಣ್ಣೆಯೂ ಬೇಡ. ಇಲ್ಲಿ ಹಗುರವಾಗುವುದು ಒಳ್ಳೆಯದೇ, ಬಾಲಿಗೆ ಬಡಿಯುವುದು ಬೋಲ್ಟ್ ತಾನೇ.

ವಾಲ್ಯುಮೈಜರ್ ಅಥವಾ ಒಳಗೆ ಟೊಳ್ಳು ಮಾಡಿದ ಫ್ರಂಟ್ ಬ್ಲಾಕ್ ಬೋಲ್ಟ್ (ಮುಂದಿನ ಬ್ಲಾಕನ್ನು ಹಿಡಿದಿಡುವ ಸ್ಕ್ರೂ) ವಾಲ್ವಿನ ಮುಂದಿನ ಕೋಣೆಯನ್ನು ಹಿಗ್ಗಿಸುತ್ತದೆ. 250ರ ಕೆಳಗೆ ಇಳಿಯುವವರಿಗೆ ಬೇಕು, ಉಳಿದವರಿಗೆ ಬೇಡ. ಕೋಣೆ ದೊಡ್ಡದಾದರೆ ಪ್ರತಿ ಶಾಟಿಗೂ ಒತ್ತಡ ಬೀಳುವುದು ಕಡಿಮೆ.

ಕೆಲಸದ ಕ್ರಮ. ಟ್ಯಾಂಕ್ ತೆಗೆಯಿರಿ, ಬಾಲ್ ಮತ್ತು ಲೋಡರ್ (ಮೇಲಿನ ಬಾಲ್ ತುಂಬುವ ಡಬ್ಬಿ) ತೆಗೆಯಿರಿ, ಕನ್ನಡಕ ಹಾಕಿ, ಸುರಕ್ಷಿತ ದಿಕ್ಕಿಗೆ ಉಳಿದ ಗಾಳಿ ಖಾಲಿಯಾಗುವವರೆಗೆ ಟ್ರಿಗರ್ ಒತ್ತಿ. ಗಾಳಿ ಉಳಿದಿರುವಾಗ ವಾಲ್ವಿನ ಹಿಡಿನಟ್ಟು ಬಿಚ್ಚಿದರೆ ವಾಲ್ವೇ ಗುಂಡಾಗುತ್ತದೆ. ಬೋಲ್ಟ್ ಪಿನ್ ಎಳೆದು ಬೋಲ್ಟ್ ತೆಗೆಯಿರಿ. ಕಾಕಿಂಗ್ ರಾಡ್ ತಿರುಗಿಸಿ ಬಿಚ್ಚಿ, ಹಿಂದಿನ ಬ್ಲಾಕನ್ನು ಪಂಪ್ ಕಡ್ಡಿಯಿಂದ ಬಿಡಿಸಿ. ಅದು ಎಷ್ಟು ಸುತ್ತಿಗೆ ಬಿಚ್ಚಿತೆಂದು ಎಣಿಸಿ ಬರೆದುಕೊಳ್ಳಿ. ಈ ಎಣಿಕೆ ತಪ್ಪಿದರೆ ಜೋಡಿಸಿದ ಮೇಲೆ ಬೋಲ್ಟ್ ಪೂರ್ತಿ ಮುಚ್ಚುವುದಿಲ್ಲ, ಇಲ್ಲವೇ ಹ್ಯಾಮರ್ ಸಿಯರಿಗೆ ಸಿಗುವಷ್ಟು ಹಿಂದೆ ಬರುವುದಿಲ್ಲ. ಕಾಲು ಇಂಚಿನ ಅಲೆನ್ ಕೀಯಿಂದ ಐವಿಜಿ ಬಿಚ್ಚಿದರೆ ಸ್ಪ್ರಿಂಗ್ ಬರುತ್ತದೆ. ಸ್ಪ್ರಿಂಗ್ ಬದಲಿಗೆ ಇಷ್ಟು ಸಾಕು. ಹ್ಯಾಮರ್ ಹೊರಬರಲು ಗ್ರಿಪ್ ಫ್ರೇಮ್ ಬಿಚ್ಚಿ ಲಗ್ಗನ್ನು ಒಳಗೆ ತಿರುಗಿಸಬೇಕು. ಇಲ್ಲೂ ಸುತ್ತು ಎಣಿಸಿ. ವಾಲ್ವಿಗೆ ಅದಕ್ಕೆಂದೇ ಬರುವ ಉಪಕರಣ ಬೇಕು, ಸ್ಕ್ರೂಡ್ರೈವರ್ ಇಟ್ಟು ಬಡಿದವರ ಕೊಳವೆಯ ಥ್ರೆಡ್ ಹರಿದಿರುತ್ತದೆ. ಜೋಡಿಸುವಾಗ ಓ-ರಿಂಗ್‌ಗಳಿಗೆ ಡೌ 33 ಗ್ರೀಸ್ ತೆಳ್ಳಗೆ. ಡಬ್ಲ್ಯೂಡಿ-40 ಹತ್ತಿರಕ್ಕೂ ತರಬೇಡಿ, ಯುರೆಥೇನ್ ಓ-ರಿಂಗ್ ಉಬ್ಬಿ ಹಾಳಾಗುತ್ತವೆ.

ಜೋಡಿಸಿದ ಮೇಲಿನ ಕೆಲಸಕ್ಕೆ ಕ್ರೋನೋಗ್ರಾಫ್ ಇಲ್ಲದೆ ಆಗದು. ಐವಿಜಿಯನ್ನು ಸ್ಪ್ರಿಂಗಿಗೆ ಒತ್ತು ತೀರಾ ಕಮ್ಮಿ ಇರುವಷ್ಟು ಹಿಂದೆ ಬಿಡಿ. ರೆಗ್ಯುಲೇಟರನ್ನು 150ರ ಹತ್ತಿರ ಇಡಿ. ಎರಡು ಖಾಲಿ ಶಾಟ್ ಹೊಡೆದು ಮೂರು ಬಾಲ್ ಹೊಡೆಯಿರಿ, ಸರಾಸರಿ ವೇಗ ಬರೆಯಿರಿ. 25 ಪಿಎಸ್‌ಐ ಏರಿಸಿ ಮತ್ತೆ ಅದೇ. ಮೊದಲು ವೇಗ ದಡದಡನೆ ಏರುತ್ತದೆ, ಆಮೇಲೆ ಏರುವುದು ನಿಧಾನವಾಗುತ್ತದೆ, ಒಂದು ಕಡೆ ನಿಂತು ಮುಂದೆ ಒತ್ತಡ ಏರಿಸಿದರೆ ವೇಗ ಇಳಿಯತೊಡಗುತ್ತದೆ. ಒತ್ತಡ ಹೆಚ್ಚಿದ್ದಕ್ಕೆ ಬಾಗಿಲು ಭಾರವಾಗಿ ಹ್ಯಾಮರಿಗೆ ತೆರೆಯಲಾಗುತ್ತಿಲ್ಲ ಎಂದರ್ಥ. ಆ ನೆತ್ತಿಯ ಜಾಗವೇ ಸ್ವೀಟ್ ಸ್ಪಾಟ್. ಅಲ್ಲಿ ರೆಗ್ಯುಲೇಟರ್ ಹತ್ತು ಪಿಎಸ್‌ಐ ಆಚೀಚೆ ಹೋದರೂ ವೇಗ ಅಲುಗದು, ಸಮನಾದ ಶಾಟ್ ಸಿಗುವುದು ಇದರಿಂದಲೇ. ನೆತ್ತಿಯಲ್ಲಿ ವೇಗ 280ಕ್ಕಿಂತ ಕಮ್ಮಿ ಇದ್ದರೆ ಐವಿಜಿಯನ್ನು ಅರ್ಧ ಸುತ್ತು ಒಳಗೆ ಕೊಟ್ಟು ಮತ್ತೆ ಮೊದಲಿನಿಂದ ಹುಡುಕಿ. ಜಾಸ್ತಿ ಇದ್ದರೆ ಹೊರಗೆ. ಜಾಸ್ತಿ ಇದೆಯೆಂದು ರೆಗ್ಯುಲೇಟರನ್ನೇ ಇಳಿಸಿದರೆ ನೆತ್ತಿಯಿಂದ ಕಡಿದಾದ ಇಳಿಜಾರಿಗೆ ಬಂದಿರುತ್ತೀರಿ, ಗೇಜಿನ ಸಣ್ಣ ಅಲುಗಾಟವೂ ವೇಗದಲ್ಲಿ ಕಾಣುತ್ತದೆ. ಈ ಹುಡುಕಾಟಕ್ಕೆ ಎರಡು ತಾಸು, ಇನ್ನೂರು ಬಾಲ್ ಮೀಸಲಿಡಿ. ಮಾರ್ಕರಿಗೆ ತಿರುಗಿಸಿರುವ ಚಿಕ್ಕ ಗೇಜುಗಳು ಅಷ್ಟು ನಂಬಿಕಸ್ಥವಲ್ಲ, ಕ್ರೋನೋ ಹೇಳಿದ್ದೇ ಕೊನೆ.

ಒಳ್ಳೆಯ ರೆಗ್ಯುಲೇಟರ್, ಮಧ್ಯಮ ಸ್ಪ್ರಿಂಗ್, ಅಗಲ ದಾರಿಯ ವಾಲ್ವ್ ಇದ್ದರೆ ಸ್ವೀಟ್ ಸ್ಪಾಟ್ 220ರಿಂದ 280ರ ನಡುವೆ ಎಲ್ಲಾದರೂ ಕೂರುವುದು ಆರೋಗ್ಯದ ಲಕ್ಷಣ. 180ಕ್ಕೆ ಇಳಿಸುವ ಹಠ ಗೇಜಿನ ಫೋಟೋ ತೆಗೆದು ತೋರಿಸಲು ಸರಿ, ಆಟಕ್ಕಲ್ಲ.

ಆಮೇಲೆ ಎಲ್‌ಪಿಆರ್. ಮಾರ್ಕರ್ ಕಾಕ್ ಆಗದೆ ನಿಲ್ಲುವವರೆಗೆ ಇಳಿಸಿ, ಅಲ್ಲಿಂದ ಎಂಟನೇ ಒಂದು ಸುತ್ತಿನಂತೆ ಏರಿಸಿ. ಸತತ 20 ಸಲ ತಪ್ಪದೆ ಕಾಕ್ ಆದರೆ ಅಲ್ಲಿಂದ ಇನ್ನೊಂದೇ ಒಂದು ಎಂಟನೇ ಸುತ್ತು. ಬ್ರೀಚಿಗೆ ಅರ್ಧ ಇಳಿಯುವಂತೆ ಒಂದು ಬಾಲನ್ನು ಕೈಯಲ್ಲಿ ಹಿಡಿದು ಬೋಲ್ಟ್ ಮುಚ್ಚಿ ನೋಡಿ, ಬಾಲ್ ಹಿಂಡಿದಂತಾಗಿ ನಿಲ್ಲಬೇಕು, ಒಡೆಯಬಾರದು. ಬೆರಳಿಟ್ಟು ತೋರಿಸುವ ಶೂರರಿದ್ದಾರೆ, ಅವರ ದಾರಿ ಅವರಿಗೆ. ಎಲ್‌ಪಿಆರ್‌ಗೆ ಗಾಳಿ ಹೋಗುವುದು ಫ್ರಂಟ್ ಬ್ಲಾಕಿನ ಮೂಲಕ ಇದೇ ವಾಲ್ವ್ ಕೋಣೆಯಿಂದ. ಹಾಗಾಗಿ ಮುಖ್ಯ ಒತ್ತಡ ಬದಲಿಸಿದ ಪ್ರತಿ ಸಲವೂ ಇದನ್ನು ಮತ್ತೆ ನೋಡಬೇಕು. ಕೊನೆಗೆ ಟೈಮಿಂಗ್: ಟ್ರಿಗರನ್ನು ಮೆಲ್ಲಗೆ ಎಳೆದಾಗ ಮೊದಲು ಠಪ್ಪೆನ್ನಬೇಕು, ಆಮೇಲಷ್ಟೇ ಬ್ಲಾಕ್ ಹಿಂದೆ ಸರಿಯಬೇಕು. ತಿರುಗುಮುರುಗಾದರೆ ಬೋಲ್ಟ್ ತೆರೆಯುವಾಗ ಶಾಟ್ ಬಿದ್ದು ಗಾಳಿಯೆಲ್ಲ ಲೋಡರಿನೊಳಗೆ ನುಗ್ಗುತ್ತದೆ.

ಹತ್ತು ಬಾಲನ್ನು ಎರಡೆರಡು ಸೆಕೆಂಡ್ ಬಿಟ್ಟು, ಇನ್ನು ಹತ್ತನ್ನು ಕೈಲಾದಷ್ಟು ವೇಗವಾಗಿ ಹೊಡೆದು ಎರಡರ ಸರಾಸರಿ ಹೋಲಿಸಿ. 10 ಎಫ್‌ಪಿಎಸ್ ಒಳಗಿನ ಅಂತರವಾದರೆ ಕೆಲಸ ಮುಗಿಯಿತು. ಹೆಚ್ಚಿದ್ದರೆ ರೆಗ್ಯುಲೇಟರ್ ಏದುಸಿರು ಬಿಡುತ್ತಿದೆ, ಒತ್ತಡವನ್ನು 25 ಏರಿಸಿ ಐವಿಜಿಯಲ್ಲಿ ವೇಗ ಸರಿಪಡಿಸಿ. ಮೊದಲ ಶಾಟ್ ಮಾತ್ರ ಯಾವಾಗಲೂ ಕಮ್ಮಿ ಬಂದರೆ ಅದು ಒಣಗಿ ಅಂಟಿದ ಓ-ರಿಂಗ್, ಗ್ರೀಸ್ ಕೇಳುತ್ತಿದೆ. ಮೊದಲನೆಯದು ಮಾತ್ರ ಜಾಸ್ತಿ ಬಂದರೆ ಮೇಲೆ ಹೇಳಿದ ಕ್ರೀಪ್.

ಹೊಸದಾಗಿ ಆಟ ಶುರು ಮಾಡುವವರಿಗೆ ಇದರ ಗೊಡವೆ ಬೇಡ. ಪ್ಲಾನೆಟ್ ಎಕ್ಲಿಪ್ಸ್‌ನ ಎಮೆಕ್‌ನಂಥ ಈಗಿನ ಸ್ಪೂಲ್ ಮಾರ್ಕರುಗಳು ಡಬ್ಬಿಯಿಂದ ತೆಗೆದಾಗಲೇ 135 ಪಿಎಸ್‌ಐನಲ್ಲಿ ಓಡುತ್ತವೆ, ಟೈಮಿಂಗ್ ತಲೆನೋವೂ ಇಲ್ಲ. ಆಟೋಕಾಕರ್ ಬಿಚ್ಚಿ ಜೋಡಿಸುವುದರಲ್ಲೇ ಖುಷಿ ಪಡುವವರ ಮಾರ್ಕರ್. ಅಂಥವರು ರೆಗ್ಯುಲೇಟರ್, ಸ್ಪ್ರಿಂಗ್ ಸೆಟ್, ಮೆದು ಕಪ್ ಸೀಲ್ ಎರಡು, ತೆರೆದ ಮುಖದ ಡೆಲ್ರಿನ್ ಬೋಲ್ಟ್ ಬಿಡಿಬಿಡಿಯಾಗಿ ಕೊಳ್ಳಲಿ. ಕಿಟ್ಟಿನ ಡಬ್ಬಿ ಅಂಗಡಿಯಲ್ಲೇ ಇರಲಿ. ಕಪ್ ಸೀಲ್ ಎರಡು ಎಂದದ್ದು ಸುಮ್ಮನೆ ಅಲ್ಲ: ಒಂದು ಮಾರ್ಕರಿನೊಳಗೆ, ಇನ್ನೊಂದು ವಾಲ್ವ್ ಉಪಕರಣದ ಜೊತೆ ಚೀಲದಲ್ಲಿ. ಸೋರುವುದು ಯಾವತ್ತೂ ಭಾನುವಾರ ಬೆಳಿಗ್ಗೆ ಮೈದಾನದಲ್ಲೇ.